ಖಣದ ಮೇಜುಹಾಸು

ದೀಪಾವಳಿಯ ಊಟದ ಮೇಜಿನ ನಡುವೆ ಉದ್ದಕ್ಕೆ ಹಾಸುವ ಕಿರಿದಾದ ಪಟ್ಟಿಯೊಂದನ್ನು ಮನೆಯಲ್ಲಿಯೇ ಹೊಲಿದುಕೊಳ್ಳಬೇಕೆಂಬವರಿಗೆ ಗುಳೇದಗುಡ್ಡದ ಖಣಕ್ಕಿಂತ ಮಿಗಿಲಾದ ಬಟ್ಟೆ ನಮ್ಮ ಸೀಮೆಯಲ್ಲಿ ದುರ್ಲಭವೆಂದೇ ನನ್ನ ಮತ. ಕುಪ್ಪಸಕ್ಕೆಂದು ನೇಯುವ ಈ ವಸ್ತ್ರದಲ್ಲಿ ಸಣ್ಣ ಸಣ್ಣ ಬುಟ್ಟಾಗಳು ಮಗ್ಗದಲ್ಲಿಯೇ ಮೂಡಿ, ಇಕ್ಕೆಲಗಳ ಅಂಚುಗಳು ಬೇರೆ ವರ್ಣದಿಂದ ಶೋಭಿಸುವುದರಿಂದ, ಹೊಲಿಯುವವರಿಗೆ ಅಲಂಕಾರದ ಚಿಂತೆಯೇ ಇಲ್ಲ. ಅಗಲದ ನಡುಭಾಗವನ್ನು ಕತ್ತರಿಸಿ ತೆಗೆದು, ಬುಟ್ಟಾಗಳ ಸಾಲು ತಪ್ಪದಂತೆ ಅಂಚಿನ ಎರಡು ಪಟ್ಟಿಗಳನ್ನು ಕೂಡಿಸಿ ಹೊಲಿದು, ನೆನೆಸಿ ಒಣಗಿಸಿದ ಹತ್ತಿಯ ಅಸ್ತರನ್ನು ಕೊಟ್ಟರೆ ಅರ್ಧ ಕೆಲಸ ಮುಗಿದಂತೆಯೇ.

ಉಳಿದರ್ಧವೇ ನಿಜವಾದ ಸೊಗಸು. ಮೇಜಿನಿಂದ ಸುಮಾರು 6 ಅಂಗುಲ ಇಳಿಬೀಳುವ ತುದಿಗಳಿಗೆ ಬುಟ್ಟಾಗಳಿಲ್ಲದ ಸಾದಾ ಬಟ್ಟೆಯನ್ನು ಸೇರಿಸಿ ಅದರ ಮೇಲೆ ಕಸೂತಿ ತೆಗೆಯಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆಗಳೆಂಬ ನಾಲ್ಕು ಹೊಲಿಗೆಗಳಲ್ಲಿ ಇಲ್ಲಿಗೆ ಒಪ್ಪುವುದು ಗವಂತಿಯೇ. ಬರೆದ ಗೆರೆಯ ಆಸರೆಯಿಲ್ಲದೆ ಎಳೆಗಳನ್ನೆಣಿಸುತ್ತ ಸಾಗುವ ಸೂಜಿಯು ಹೋಗುವಾಗ ಒಂದೊಂದು ಹೊಲಿಗೆಯ ಜಾಗವನ್ನು ಬರಿದಾಗಿ ಬಿಟ್ಟು, ಅದೇ ದಾರಿಯಲ್ಲಿ ಹಿಂತಿರುಗುವಾಗ ಆ ತೆರಪುಗಳನ್ನೆಲ್ಲ ತುಂಬುತ್ತ ಬರುವುದರಿಂದ, ಗೋಪುರವಾಗಲಿ ತುಳಸಿಕಟ್ಟೆಯಾಗಲಿ ಎರಡು ಮಗ್ಗುಲಿಗೂ ಒಂದೇ ತೆರನಾಗಿ ಕಾಣುತ್ತದೆ. ದಾರಕ್ಕೆ ಗಂಟು ಹಾಕುವ ಪದ್ಧತಿಯೂ ಇಲ್ಲ. ಗಾಳಿಗೆ ಮಗುಚುವ ತುದಿಗೆ ಇದಕ್ಕಿಂತ ಯೋಗ್ಯವಾದ ಕುಸುರಿ ಬೇರೊಂದುಂಟೆ? ಎಣಿಕೆ ತಪ್ಪಿದರೆ ಬಿಚ್ಚುವುದೊಂದೇ ಉಪಾಯವೆಂಬುದೂ ಸತ್ಯವೇ.

ಹಬ್ಬ ಕಳೆದ ಮೇಲೆ ಇದನ್ನು ಬೇರೆ ಬಟ್ಟೆಗಳೊಡನೆ ಸೇರಿಸದೆ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿರಿ. ಗಾಢವರ್ಣದ ಖಣ ಮೊದಲ ಒಗೆತದಲ್ಲಿ ಬಣ್ಣ ಬಿಡುವುದುಂಟು.