ಚೌಕಳಿ ಪರದೆಯ ಮುಂದಿನ ಮುಖ: ಪುಷ್ಪಮಾಲಾ ಅವರ ‘ತೋಡ’ ಚಿತ್ರವನ್ನು ಕುರಿತು

ಕಪ್ಪು-ಬಿಳುಪು ಚೌಕಗಳ ಪರದೆ. ಅದರ ಮುಂದೆ ಅಳತೆಗೆ ಒಡ್ಡಿಕೊಂಡು ನಿಂತ ಹೆಣ್ಣು. ಚಿತ್ರದ ಶೀರ್ಷಿಕೆ ‘ತೋಡ’. ಆದರೆ ವೇಷದೊಳಗಿರುವವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. 2000ದಿಂದ 2004ರವರೆಗೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಯೋಜನೆಯಲ್ಲಿ ಈ ಚಿತ್ರವಿದೆ. ನೀಲಗಿರಿಯ ಹೆಸರನ್ನು ಹೊತ್ತಿರುವುದರಿಂದ ಇದು ಗಡಿನಾಡಿನ ಓದುಗರಿಗೆ ದೂರದ ಕಲಾಸುದ್ದಿಯಲ್ಲ.

ಶಿಲ್ಪಕಲೆಯಲ್ಲಿ ತರಬೇತಿ ಪಡೆದ ಪುಷ್ಪಮಾಲಾ ಈ ಯೋಜನೆಯಲ್ಲಿ ಆರಿಸಿಕೊಂಡದ್ದು ನಮ್ಮ ಕಣ್ಣಿಗೆ ಆಗಲೇ ರೂಢಿಯಾದ ಸ್ತ್ರೀರೂಪಗಳನ್ನು: ರವಿವರ್ಮನ ಲಕ್ಷ್ಮಿ, ಬೆಳದಿಂಗಳಲ್ಲಿ ಕುಳಿತ ನಾಯಿಕೆ, ಬಿಜಾಪುರ ಶೈಲಿಯ ಯೋಗಿನಿ, ಚಲನಚಿತ್ರವೊಂದರ ಜಯಲಲಿತಾ, ಪತ್ರಿಕೆಯಲ್ಲಿ ಅಚ್ಚಾದ ಆರೋಪಿ ಮಹಿಳೆಯರು. ಪ್ರತಿಯೊಂದನ್ನೂ ರಂಗಪರದೆ, ಉಡುಗೆ, ಭಂಗಿಗಳ ಸಮೇತ ಮರಳಿ ಕಟ್ಟಿ, ನಡುವೆ ತಾವೇ ನಿಲ್ಲುತ್ತಾರೆ. ಚಿತ್ರೀಕರಣದ ಸಿದ್ಧತೆಗಳನ್ನು ತೋರಿಸುವ ಪ್ರತ್ಯೇಕ ಸರಣಿಯೂ ಉಂಟು. ಹೀಗಾಗಿ ಸಹಜವೆಂದು ತೋರುವ ‘ದೇಶೀ ಹೆಣ್ಣು’ ಎಷ್ಟು ಕೈಗಳ ಕೆಲಸದಿಂದ ಸಿದ್ಧಳಾಗುತ್ತಾಳೆಂಬುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಚೌಕಳಿ ಪರದೆಗೆ ತನ್ನದೇ ಚರಿತ್ರೆಯಿದೆ. 1869ರಲ್ಲಿ ಜಾನ್ ಲ್ಯಾಂಪ್ರೆ ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು, ಎರಡೆರಡು ಅಂಗುಲದ ಚೌಕಗಳ ಮುಂದೆ ಮನುಷ್ಯರನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುವ ವಿಧಾನವನ್ನು ಸೂಚಿಸಿದ. ಯಾವ ನಾಡಿನ ದೇಹವನ್ನೂ ಯಾವ ನಾಡಿನ ದೇಹದೊಡನೆಯೂ ಹೋಲಿಸಬಹುದೆಂಬುದು ಅದರ ಉದ್ದೇಶ. ಅಂಡಮಾನಿನಲ್ಲಿ ಎಂ.ವಿ. ಪೋರ್ಟ್‌ಮನ್ ಇಂಥದೇ ಪರದೆಯನ್ನು ಬಳಸಿದ. ನೀಲಗಿರಿಗೂ ಅಳತೆಯ ಉತ್ಸಾಹ ಬೇಗ ತಲುಪಿತು. 1873ರಲ್ಲಿ ತೋಡರ ತಲೆಯ ಆಕಾರದಿಂದ ಅವರ ಸ್ವಭಾವವನ್ನು ನಿರ್ಣಯಿಸಹೊರಟ ಮಾರ್ಷಲ್‌ನ ಗ್ರಂಥ ಬಂತು. ಅದೇ ವರ್ಷ ಬ್ರೀಕ್ಸ್‌ನ ನೀಲಗಿರಿ ಬುಡಕಟ್ಟುಗಳ ಗ್ರಂಥವೂ ಛಾಯಾಚಿತ್ರಗಳೊಡನೆ ಪ್ರಕಟವಾಯಿತು. ಮುಂದೆ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಮಾಪನೋಪಕರಣಗಳೊಡನೆ ಬೆಟ್ಟ ಹತ್ತಿದ. ಇಂಥ ನೋಟದಲ್ಲಿ ಮುಖವು ವ್ಯಕ್ತಿಯ ಗುರುತಾಗದೆ ಗುಂಪಿನ ಮಾದರಿಯಾಗುತ್ತದೆ.

ಪುಷ್ಪಮಾಲಾ ಮಾಡುವ ಮುಖ್ಯ ಕೆಲಸವೆಂದರೆ ಈ ಪರದೆಯನ್ನು ಹಿನ್ನೆಲೆಯಿಂದ ಕಥಾವಸ್ತುವಿಗೆ ತರುವುದು. ಅಳತೆಗೆ ಒಳಗಾದವಳೇ ಚಿತ್ರದ ಕರ್ತೃವೂ ಆದಾಗ ಅಳತೆ ಪ್ರಹಸನವಾಗುತ್ತದೆ. ಲಕ್ಷ್ಮಿಯಾದವಳೇ ಆರೋಪಿಯೂ ತೋಡತಿಯೂ ಆಗಬಲ್ಲಳಾದರೆ, ‘ಮಾದರಿ’ ಎಂಬುದು ದೇಹದಲ್ಲಿಲ್ಲ, ವೇಷ ಮತ್ತು ಅಡಿಬರಹದಲ್ಲಿದೆ ಎಂದಾಯಿತು. ದೀರ್ಘ ಪ್ರಬಂಧವೊಂದು ಪ್ರಯಾಸದಿಂದ ಸಾಧಿಸುವ ವಾದವನ್ನು ಈ ಚಿತ್ರಮಾಲೆ ನಗುನಗುತ್ತ ಸಾಧಿಸುತ್ತದೆ.

ಆದರೂ ‘ತೋಡ’ ಚಿತ್ರವನ್ನು ಉಳಿದವುಗಳ ಸಾಲಿನಲ್ಲಿ ಸಲೀಸಾಗಿ ಇಡಲಾರೆ. ಲಕ್ಷ್ಮಿಯ ಆಕರ ಒಂದು ಕಲ್ಪನೆ. ಅಲ್ಲಿ ನಿಜದ ಹೆಣ್ಣೊಬ್ಬಳು ನಿಂತರೆ ಚಿತ್ರಕ್ಕೆ ಏನೋ ಸೇರುತ್ತದೆ. ಮಾಪನ ಚಿತ್ರದ ಆಕರದಲ್ಲಿ ನಿಂತಿದ್ದದ್ದು ಜೀವಂತ ವ್ಯಕ್ತಿ. ಆ ಜಾಗದಲ್ಲಿ ಮತ್ತೊಬ್ಬರು ನಿಂತರೆ ಏನೋ ಕಳೆಯುತ್ತದೆ. ಅವಮಾನಿತ ದೇಹವನ್ನು ಮತ್ತೆ ಪ್ರದರ್ಶನಕ್ಕಿಡದೆ ಕಲಾವಿದೆ ಅದರ ಭಾರವನ್ನು ತಾವೇ ಹೊತ್ತರೆಂದು ಸಮರ್ಥಿಸಬಹುದು. ಆ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಪ್ರದರ್ಶನದ ಗೋಡೆಯ ಮೇಲೆ ಹೆಸರುಳ್ಳವರು ಕಲಾವಿದೆಯರು ಇಬ್ಬರೇ. ಮೂರನೆಯವಳಿಗೆ ಈಗಲೂ ಕುಲನಾಮವೊಂದೇ ಗತಿ. ಹೆಸರು ಸಿಗುವುದು ಅಸಾಧ್ಯವಾಗಿರಲೂ ಇಲ್ಲ. 1906ರಲ್ಲಿ ಪ್ರಕಟವಾದ ರಿವರ್ಸ್‌ನ ‘ದಿ ತೋಡಾಸ್’ ಗ್ರಂಥ ತೋಡರ ವಂಶಾವಳಿಗಳನ್ನು ಹೆಸರು ಹೆಸರಾಗಿ ದಾಖಲಿಸಿದೆ. ಅಂದರೆ ಅನಾಮಿಕತೆ ಅಜ್ಞಾನದ ಫಲವಲ್ಲ, ನೋಡುವ ಕ್ರಮವೊಂದರ ಆಯ್ಕೆ. ವಿಡಂಬನೆಯು ಆ ಕ್ರಮವನ್ನು ಬಯಲಿಗೆಳೆಯಿತು. ಅದರ ಅಡಿಬರಹವನ್ನು ಮಾತ್ರ ಉಳಿಸಿಕೊಂಡಿತು.

ಈ ಆಕ್ಷೇಪವನ್ನು ಕಲಾವಿದೆಯ ಮೇಲೆ ಹೊರಿಸಿ ಸುಮ್ಮನಾಗುವ ಹಕ್ಕು ನನಗಿಲ್ಲ. ಗಡಿನಾಡಿನ ಕ್ಷೇತ್ರಕಾರ್ಯದ ನನ್ನ ಕಡತಗಳನ್ನು ತೆರೆದರೆ ಅಲ್ಲೂ ‘ಬಡಗ ವೃದ್ಧೆ’, ‘ತಾಳವಾಡಿಯ ಕನ್ನಡ ರೈತ’, ‘ಜತ್ತದ ಹಾಡುಗಾರ್ತಿ’ ಎಂಬ ಅಡಿಬರಹಗಳೇ ಇವೆ. ತಾಸುಗಟ್ಟಲೆ ಮಾತಾಡಿದವರ ಹೆಸರು ಧ್ವನಿಮುದ್ರಣದಲ್ಲಿದೆ, ಚಿತ್ರದ ಕೆಳಗಿಲ್ಲ. ನಾವು ಹಿಡಿದ ಪರದೆಯ ಮೇಲೆ ಚೌಕಗಳಿಲ್ಲ. ‘ಗಡಿನಾಡ ಕನ್ನಡಿಗ’ ಎಂಬ ಒಂದೇ ದೊಡ್ಡ ಚೌಕವಿದೆ. ಅಲ್ಪಸಂಖ್ಯಾತ ಭಾಷಿಕರ ಅಸ್ತಿತ್ವವನ್ನು ಸಾಬೀತುಪಡಿಸುವ ಅವಸರದಲ್ಲಿ ಒಬ್ಬೊಬ್ಬರನ್ನೂ ಸಾಕ್ಷ್ಯವಾಗಿ ನಿಲ್ಲಿಸುತ್ತೇವೆ.

ಚಿತ್ರದಲ್ಲಿರುವವರನ್ನು ಕೇಳಿ, ಅವರು ಒಪ್ಪಿದರೆ ಹೆಸರನ್ನೂ, ಒಪ್ಪದಿದ್ದರೆ ತಮ್ಮನ್ನು ಹೇಗೆ ಕರೆಯಬೇಕೆಂದು ಅವರೇ ಹೇಳಿದ ಮಾತನ್ನೂ ಬರೆಯುವುದು ಕಷ್ಟದ ಕೆಲಸವಲ್ಲ. ಹಳೆಯ ಕಡತಗಳಿಂದಲೇ ಅದನ್ನು ಆರಂಭಿಸಬೇಕಾಗಿದೆ. ಕೆಲವರನ್ನು ಕೇಳಲು ಈಗಾಗಲೇ ತಡವಾಗಿದೆ.