ಅರ್ಧ ಬರ್ತಿನ ಅತಿಥಿ

ಹಂಪಿ ನೋಡಬೇಕು ಅಂತ ಹೊರಟಿದ್ದ ಜರ್ಮನ್ ಹುಡುಗನೊಬ್ಬ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಧ ಗಂಟೆಯಿಂದ ಕೂತಿದ್ದ. ಮಗಳ ಆಫೀಸಿನವನು. ಕೆಲಸದ ಮೇಲೆ ಬೆಂಗಳೂರಿಗೆ ಬಂದವನು ಮುಂದಕ್ಕೆ ಎರಡು ವಾರ ರಜೆ ಹಾಕಿಕೊಂಡಿದ್ದ. ತಟ್ಟೆಯಲ್ಲಿ ದೋಸೆ ತಣ್ಣಗಾಗುತ್ತಿತ್ತು. ಕೊನೆಗೆ ತಲೆ ಎತ್ತಿ, "ಹಂಪಿ ಎಕ್ಸ್‌ಪ್ರೆಸ್ ಅಂತ ರೈಲು ಸಿಗ್ತಿದೆ, ಹಂಪಿ ಅನ್ನೋ ಸ್ಟೇಷನ್ ಮಾತ್ರ ಸಿಗ್ತಿಲ್ಲ" ಅಂದ.

ಸಿಗುವುದಿಲ್ಲ, ಯಾಕೆಂದರೆ ಇಲ್ಲ. ಇಳಿಯಬೇಕಾದ್ದು ಹೊಸಪೇಟೆಯಲ್ಲಿ, ಅಲ್ಲಿಂದ ಹದಿಮೂರು ಕಿಲೋಮೀಟರ್. ಹೊಸಪೇಟೆಯ ಕೋಡ್ ಎಚ್‌ಪಿಟಿ, ಅದು ಹಳೆಯ ಹಾಸ್ಪೆಟ್‌ನ ಪಳೆಯುಳಿಕೆ. ಬೆಂಗಳೂರಿನ ನಗರ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದು ವರ್ಷಗಳಾದರೂ ಕೋಡ್ ಎಸ್‌ಬಿಸಿಯೇ. ಹುಬ್ಬಳ್ಳಿ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರಿದೆ, ಕೋಡ್ ಯುಬಿಎಲ್. ಬೆಂಗಳೂರಿನಲ್ಲೇ ಯಶವಂತಪುರ ಒಂದು ಕಡೆ, ಬೈಯಪ್ಪನಹಳ್ಳಿ ಬಳಿ 2022ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಟರ್ಮಿನಲ್ ಇನ್ನೊಂದು ಕಡೆ. ಊರಿನವರೇ ತಪ್ಪು ನಿಲ್ದಾಣಕ್ಕೆ ಆಟೊ ಹತ್ತುವ ಊರಿದು. ಹೊರಗಿನವನು ಪರದೆಯ ಮೇಲೆ ಮೂರು ಮೂರು ಅಕ್ಷರ ನೋಡಿ ಯಾವ ದಿಕ್ಕಿಗೆ ಹೋಗಬೇಕು?

ಅದು ಸಣ್ಣ ಕಿರಿಕಿರಿ, ಒಮ್ಮೆ ಹೇಳಿದರೆ ಮುಗಿಯುತ್ತದೆ. ದೊಡ್ಡ ತೊಡಕು ಶುರುವಾದದ್ದು ಅವನು ತಾರೀಖು ಒತ್ತಿದ ಮೇಲೆ. ಎರಡು ವಾರದ ನಂತರದ ರಾತ್ರಿಗೆ ಥರ್ಡ್ ಎಸಿಯಲ್ಲಿ 'ಡಬ್ಲ್ಯುಎಲ್ 31' ಅಂತ ಬಂತು. ಕೆಳಗೆ ಬುಕ್ ಮಾಡುವ ಗುಂಡಿಯೂ ಇತ್ತು, ದರವೂ ಪೂರ್ತಿಯೇ. "ದುಡ್ಡು ಕೊಟ್ಟರೆ ರೈಲು ಹತ್ತಬಹುದಾ?" ಗೊತ್ತಿಲ್ಲಪ್ಪ. "ಯಾವಾಗ ಗೊತ್ತಾಗತ್ತೆ?" ಹೊರಡುವ ದಿನ. "ಮತ್ತೆ ನಾನು ಕೊಂಡುಕೊಂಡದ್ದೇನು?"

ಈ ಪ್ರಶ್ನೆಗೆ ನಾನು ಅಲ್ಲಿಯವರೆಗೆ ಉತ್ತರ ಹುಡುಕಿಯೇ ಇರಲಿಲ್ಲ. ಹುಡುಗನಾಗಿದ್ದಾಗಿನಿಂದ ವೇಟಿಂಗ್ ಲಿಸ್ಟ್ ನೋಡುತ್ತ ಬಂದವರಿಗೆ ಅದು ಮಳೆ ಬಿಸಿಲಿದ್ದ ಹಾಗೆ. ಹೊರಗಿನವನು ಕೇಳಿದಾಗ ಹೊಳೆಯಿತು: ನಮ್ಮಲ್ಲಿ ಟಿಕೆಟ್ ಅಂತ ಕೊಡುವುದರಲ್ಲಿ ಒಂದು ಪಾಲು ಅರ್ಜಿ. ತಾಲ್ಲೂಕು ಕಚೇರಿಯಲ್ಲಿ ಕೊಟ್ಟ ಅರ್ಜಿಯಂತೆಯೇ ಅದಕ್ಕೂ ಒಂದು ಸಂಖ್ಯೆ, ಹತ್ತು ಅಂಕಿಯ ಪಿಎನ್‌ಆರ್. ದಿನವೂ ಹೋಗಿ ವಿಚಾರಿಸಿಕೊಳ್ಳಬೇಕು.

ಅವನ ಊರಿನ ರೀತಿ ಬೇರೆ. ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಪೂರ್ತಿ ದರದ ಟಿಕೆಟ್ ಇದ್ದವನು ಸಾಮಾನ್ಯವಾಗಿ ಆ ದಾರಿಯ ಯಾವ ರೈಲನ್ನೂ ಹತ್ತಬಹುದು, ಸೀಟು ಬೇಕೆಂದರೆ ಮೇಲೆ ಕೆಲವು ಯೂರೊ ಕೊಟ್ಟು ಕಾಯ್ದಿರಿಸಬೇಕು, ಇಲ್ಲದಿದ್ದರೆ ನಿಂತು ಹೋಗಬೇಕು. ಫ್ರಾನ್ಸಿನ ಟಿಜಿವಿಯಲ್ಲಿ ಸೀಟು ಕಡ್ಡಾಯ, ಆದರೆ ಬೇಡಿಕೆ ಏರಿದಂತೆ ದರವೂ ಏರುತ್ತದೆ. ಕೊನೆಯ ಗಳಿಗೆಯಲ್ಲಿ ಬಂದವನು ಹೆಚ್ಚು ತೆರುತ್ತಾನೆ, ತೆರಲಾರದವನು ಸದ್ದಿಲ್ಲದೆ ಮನೆಯಲ್ಲೇ ಉಳಿಯುತ್ತಾನೆ. ಅವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮಲ್ಲಿ ಬಹುಪಾಲು ರೈಲುಗಳಿಗೆ ದೂರದ ಲೆಕ್ಕದಲ್ಲಿ ದರ ನಿಗದಿ. ರಾಜಧಾನಿ, ಶತಾಬ್ದಿ, ದುರಂತೊಗಳಿಗೆ 2016ರಿಂದ ಏರುವ ದರ ಬಂದರೂ ಹಂಪಿ ಎಕ್ಸ್‌ಪ್ರೆಸ್‌ನಂಥ ರೈಲಿಗೆ ಆ ಕಾಟವಿಲ್ಲ. ದರ ಏರುವುದಿಲ್ಲ, ಹಾಗಾಗಿ ಸಾಲು ಬೆಳೆಯುತ್ತದೆ. ಬೇಡಿಕೆಯನ್ನು ಅವರು ದುಡ್ಡಿನಿಂದ ಸೋಸಿದರೆ ನಾವು ಸರತಿಯಿಂದ ಸೋಸುತ್ತೇವೆ.

ಸರತಿಯನ್ನು ನಾನು ಬೈಯಲಾರೆ. ಜಾತ್ರೆಗೆ ಹೊರಟ ಕೊಪ್ಪಳದ ಕುಟುಂಬವೂ ಕಂಪನಿ ದುಡ್ಡಿನಲ್ಲಿ ಓಡಾಡುವವನೂ ಒಂದೇ ಸಾಲಿನಲ್ಲಿ, ಬಂದ ಕ್ರಮದಲ್ಲಿ ನಿಲ್ಲುತ್ತಾರೆ ಎನ್ನುವುದು ಸಣ್ಣ ಮಾತಲ್ಲ. ನನ್ನ ತಕರಾರು ಸಾಲಿನ ಬಗ್ಗೆ ಅಲ್ಲ, ಸಾಲು ಆಡುವ ಭಾಷೆಯ ಬಗ್ಗೆ. 31 ಅನ್ನುವ ಅಂಕಿಯನ್ನೇ ನೋಡಿ. ಅದರ ಹಿಂದೆ ಜಿಎನ್ ಇದ್ದರೆ ಒಂದು ಅರ್ಥ, ಪಿಕ್ಯು ಇದ್ದರೆ ಇನ್ನೊಂದು, ಆರ್‌ಎಲ್ ಇದ್ದರೆ ಮತ್ತೊಂದು. ರೈಲು ಹೊರಡುವ ಊರಿನ ಪಾಲು ದೊಡ್ಡದು, ಅಲ್ಲಿ ರದ್ದು ಮಾಡುವವರೂ ಹೆಚ್ಚು, ಆದ್ದರಿಂದ ಜಿಎನ್ 31 ಕರಗುವ ಸಾಧ್ಯತೆ ಇದೆ. ನಡುವಿನ ಊರುಗಳಿಗೆಲ್ಲ ಸೇರಿಸಿ ಇಟ್ಟ ಸಣ್ಣ ಪಾಲಿನಲ್ಲಿ ಪಿಕ್ಯು 12 ಕೂಡ ಅಲುಗಾಡದೆ ಕೂತಿರಬಹುದು. ಮೂವತ್ತೊಂದು ಹನ್ನೆರಡಕ್ಕಿಂತ ಒಳ್ಳೆಯದು! ಇದನ್ನು ಇಂಜಿನಿಯರ್ ಹುಡುಗನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಎರಡನೆಯ ಕಾಫಿ ಬೇಕಾಯಿತು. ಇಷ್ಟೆಲ್ಲ ಗೊತ್ತಿರುವುದು ನಮಗೆ ಮಾವಂದಿರಿಂದ, ಪಕ್ಕದ ಮನೆಯವರಿಂದ, ರೈಲ್ವೆಯಲ್ಲಿ ಕೆಲಸ ಮಾಡುವ ದೂರದ ಸಂಬಂಧಿಯಿಂದ. ಮಾವ ಇಲ್ಲದ ಪ್ರಯಾಣಿಕನೂ ಒಬ್ಬ ಇರುತ್ತಾನೆ ಅನ್ನುವುದು ಈ ವ್ಯವಸ್ಥೆ ಕಟ್ಟಿದವರ ಲಕ್ಷ್ಯಕ್ಕೆ ಬಂದ ಹಾಗಿಲ್ಲ.

ಪೂರ್ತಿ ಮರೆತಿದ್ದಾರೆ ಅಂದರೂ ಅನ್ಯಾಯವಾಗುತ್ತದೆ. ವಿದೇಶಿ ಪ್ರವಾಸಿಗರಿಗಾಗಿಯೇ ಆಯ್ದ ರೈಲುಗಳಲ್ಲಿ ಒಂದಿಷ್ಟು ಬರ್ತುಗಳ ಪ್ರತ್ಯೇಕ ಕೋಟಾ ಇದೆ. ನಮಗೆಲ್ಲ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60ಕ್ಕೆ ಇಳಿಸಿದಾಗಲೂ ಅವರ 365 ದಿನಗಳ ಅವಕಾಶವನ್ನು ಮುಟ್ಟಲಿಲ್ಲ. ನವದೆಹಲಿ ನಿಲ್ದಾಣದ ಮೊದಲ ಮಹಡಿಯಲ್ಲಿ ಅವರಿಗೆಂದೇ ಟೂರಿಸ್ಟ್ ಬ್ಯೂರೊ ಇದೆ. ಅಸಲಿ ಪಾಸ್‌ಪೋರ್ಟ್ ಹಿಡಿದು ಹೋಗಿ, ಫಾರಂ ತುಂಬಿ, ಕುರ್ಚಿಯಲ್ಲಿ ಕೂತು ಕಾದರೆ ಕೌಂಟರಿನಲ್ಲಿರುವವರು ರೈಲನ್ನೂ ಹುಡುಕಿಕೊಡುತ್ತಾರೆ. ಇಂಥದ್ದು ಬೇಕೇ ಎಂದು ಕೆಲವರು ಕೇಳುತ್ತಾರೆ, ನಮ್ಮವರಿಗೇ ಸೀಟಿಲ್ಲ, ಅವರಿಗೇಕೆ ಅಂತ. ಬೇಕು ಅನ್ನುತ್ತೇನೆ. ಸೀಟು ಸಿಗದಿದ್ದರೆ ನನಗೆ ರಾತ್ರಿ ಬಸ್ಸಿದೆ, ಯಾವ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿದೆ, ಕೇಳಲು ಬಾಯಿದೆ. ಅವನಿಗೆ ಅದ್ಯಾವುದೂ ಇಲ್ಲ. ಮನೆಗೆ ಬಂದವರಿಗೆ ಒಂದು ಮಣೆ ಎತ್ತಿಟ್ಟರೆ ಮನೆಯವರ ಊಟ ಕಡಿಮೆಯಾಗುವುದಿಲ್ಲ.

ಆದರೆ ಆ ಮಣೆಯನ್ನು ಹಾಕಿರುವ ಜಾಗ ಯಾವುದು? ಕೋಟಾದ ಪ್ರಯೋಜನ ಹೆಚ್ಚಾಗಿ ಕಾಣುವುದು ದೆಹಲಿ, ಆಗ್ರಾ, ಜೈಪುರ, ವಾರಾಣಸಿಯ ಹಳೆಯ ಪ್ರವಾಸಿ ದಾರಿಯಲ್ಲಿ. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ, ವಿದೇಶಿಯರು ಬ್ಯಾಗು ಹೊತ್ತು ಅಲ್ಲಿಗೆ ಬರುತ್ತಿರುವುದು ಇಂದು ನಿನ್ನೆಯಿಂದಲ್ಲ. ಆದರೂ ನಮ್ಮ ಹುಡುಗನಿಗೆ ಕೋಟಾ ಒದಗಲಿಲ್ಲ. ಇನ್ನು ದೆಹಲಿಯ ಆ ಬ್ಯೂರೊವರೆಗೆ ತಲುಪುವುದೇ ಒಂದು ಪರೀಕ್ಷೆ. ಪಹಾಡ್‌ಗಂಜ್ ಕಡೆಯ ಬಾಗಿಲಲ್ಲಿ ಸಭ್ಯರಂತೆ ಕಾಣುವ ದಲ್ಲಾಳಿಗಳು "ಆಫೀಸು ಮುಚ್ಚಿದೆ, ಬೇರೆ ಕಡೆ ಹೋಗಿದೆ" ಎಂದು ಪ್ರವಾಸಿಗರನ್ನು ಎಳೆದುಕೊಂಡು ಹೋಗಿ ಮೂರು ಪಟ್ಟು ದರಕ್ಕೆ ಟ್ಯಾಕ್ಸಿ ಪ್ಯಾಕೇಜು ಮಾರುವ ಆಟ ದಶಕಗಳಿಂದ ನಡೆದಿದೆ. ಇಂಥ ಸೌಲಭ್ಯವಿದೆ ಎಂದು ಗಟ್ಟಿಯಾಗಿ ಹೇಳಬೇಕಾದವರು ಪಿಸುಗುಟ್ಟಿದರೆ ಬಾಗಿಲಲ್ಲಿ ನಿಂತವನ ಮಾತೇ ಕೇಳಿಸುತ್ತದೆ.

ದಲ್ಲಾಳಿಗಳನ್ನು ಹೊರಗಿಡಲು ಮಾಡಿದ ಉಪಾಯವೂ ಅತಿಥಿಯ ತಲೆಯ ಮೇಲೇ ಬಿದ್ದಿದೆ. ತತ್ಕಾಲ್ ಗೊತ್ತಲ್ಲ, ಹಿಂದಿನ ದಿನ ಎಸಿಗೆ ಬೆಳಿಗ್ಗೆ ಹತ್ತಕ್ಕೆ, ಉಳಿದವಕ್ಕೆ ಹನ್ನೊಂದಕ್ಕೆ ತೆರೆಯುವ ಕಿಟಕಿ. ತಾರೀಖು ಮೊದಲೇ ಗೊತ್ತಿಲ್ಲದ, ಊರು ಹಿಡಿಸಿದರೆ ಎರಡು ದಿನ ಹೆಚ್ಚು ಉಳಿಯುವ ಪ್ರವಾಸಿಗೆ ಹೇಳಿ ಮಾಡಿಸಿದ್ದು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಏಜೆಂಟರು ಯಂತ್ರದ ವೇಗದಲ್ಲಿ ಟಿಕೆಟ್ ಬಾಚುವುದನ್ನು ತಡೆಯಲು ಇದು ಬೇಕಿತ್ತು, ಒಪ್ಪುತ್ತೇನೆ. ಆಧಾರ್ ಇರಲು ಸಾಧ್ಯವೇ ಇಲ್ಲದವನಿಗೆ ಪಾಸ್‌ಪೋರ್ಟ್ ಸಂಖ್ಯೆಯ ಇನ್ನೊಂದು ದಾರಿ ಇಡಬಹುದಿತ್ತಲ್ಲ? ವೀಸಾ ಕೊಡುವಾಗಲೋ ದೇಶಕ್ಕೆ ಬಂದಿಳಿದಾಗಲೋ ಅವನ ಬೆರಳಚ್ಚು, ಮುಖದ ಚಿತ್ರ ಎಲ್ಲ ಸರ್ಕಾರವೇ ತೆಗೆದುಕೊಂಡಿರುತ್ತದೆ.

ಕೊನೆಗೆ ನನ್ನ ಖಾತೆಯಿಂದಲೇ ಅವನಿಗೆ ಆ ವೇಟಿಂಗ್ ಲಿಸ್ಟ್ ಟಿಕೆಟ್ಟನ್ನೇ ಬುಕ್ ಮಾಡಿದೆ. ಅಲ್ಲಿಗೆ ಅವನಿಗೂ ಒಬ್ಬ ಮಾವ ಸಿಕ್ಕಂತಾಯಿತು.

ಆಮೇಲೆ ಮುಂದಿನ ಪ್ರಯಾಣಕ್ಕೆ ಯಾವ ಕ್ಲಾಸು ಅನ್ನುವ ಚರ್ಚೆ. ಇಲ್ಲಿ ನಾನು ಅವನ ಗೈಡ್‌ಬುಕ್ಕಿನ ಜೊತೆ ಜಗಳಕ್ಕೆ ನಿಂತೆ. ಪ್ರವಾಸಿಗರಿಗೆ ಬುದ್ಧಿ ಹೇಳುವವರೆಲ್ಲ ಮೇಲಿನ ಕ್ಲಾಸಿನಿಂದ ಶುರು ಮಾಡಿ ಕೆಳಕ್ಕೆ ಇಳಿಯುತ್ತಾರೆ: ಫಸ್ಟ್ ಎಸಿ ಸಿಕ್ಕರೆ ಅದು, ಇಲ್ಲವೇ ಸೆಕೆಂಡ್ ಎಸಿ, ಗತಿ ಇಲ್ಲದಿದ್ದರೆ ಥರ್ಡ್. ಸ್ಲೀಪರ್ ಎಂದರೆ ಸಾಹಸಿಗಳಿಗೆ. ರಾತ್ರಿ ಪ್ರಯಾಣಕ್ಕೆ ಸರಿ ಇರಬಹುದು. ಸೆಕೆಂಡ್ ಎಸಿಯ ಪರದೆ ಎಳೆದುಕೊಂಡರೆ ನಿದ್ದೆ ಬರುತ್ತದೆ, ಸಾಮಾನು ಕಾಯುವ ಚಿಂತೆ ಕಡಿಮೆ. ಆದರೆ ಅವನ ಮುಂದಿನ ಹಾದಿ ಹೊಸಪೇಟೆಯಿಂದ ಗೋವಾಕ್ಕೆ. ಬಂಗಾಳದ ಶಾಲಿಮಾರ್‌ನಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ವಾಸ್ಕೊಗೆ ಹೋಗುವುದು ಈ ದಾರಿಯಲ್ಲೇ. ವಾರದ ಎಲ್ಲ ದಿನವೂ ಇಲ್ಲ, ಅದನ್ನು ನೋಡಿಕೊಂಡೇ ಹಂಪಿಯ ಕೋಣೆ ಬಿಡಬೇಕು. ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿಯತೊಡಗಿದರೆ ಸುರಂಗ, ಹಸಿರು, ಮತ್ತೆ ಸುರಂಗ, ಒಂದು ತಿರುವಿನಲ್ಲಿ ದೂಧ್‌ಸಾಗರ. ಹಗಲಿನ ಈ ದಾರಿಗೆ ಎಸಿ ಬೋಗಿಯ ಮಬ್ಬುಗಾಜು ಹಿಡಿದು ಕೂರುವುದು ಅಂಗಡಿಯ ಗಾಜಿನಾಚೆಯ ಮೈಸೂರುಪಾಕ್ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಸ್ಲೀಪರ್‌ನಲ್ಲಿ ಕಿಟಕಿ ತೆರೆಯುತ್ತದೆ. ಜಲಪಾತದ ಹನಿ ಮುಖಕ್ಕೆ ಹೊಡೆಯುತ್ತದೆ, ಹುಬ್ಬಳ್ಳಿಯಲ್ಲಿ ಗಿರಮಿಟ್ಟು ಮಾರುವವನ ಕೂಗು ಒಳಕ್ಕೆ ಬರುತ್ತದೆ, ಎದುರಿನವರು ಡಬ್ಬಿ ಬಿಚ್ಚಿದರೆ ನಿಮಗೂ ಒಂದು ರೊಟ್ಟಿ. ಧೂಳು, ಗಲಾಟೆ, ಬರ್ತಿನ ಅಂಚಿನಲ್ಲಿ "ಸ್ವಲ್ಪ ಸರೀರಿ" ಎಂದು ಕೂರುವವರು, ಇವೂ ಲೆಕ್ಕದಲ್ಲಿವೆ. ಅದನ್ನೂ ಹೇಳಿದೆ. ಅವನು ಗೋವಾಕ್ಕೆ ಸ್ಲೀಪರ್ ತೆಗೆದುಕೊಂಡ. ಬೆಲೆ ನೋಡಿ, ಎಲ್ಲೋ ಒಂದು ಸೊನ್ನೆ ಬಿಟ್ಟುಹೋಗಿರಬೇಕು ಅಂದ.

ಬಂಡವಾಳ ಇದ್ದವರಿಗೆ ಈ ಎಲ್ಲ ಆಯ್ಕೆಯ ಗೋಳಿನಿಂದ ಬಿಡಿಸುವ ಐಷಾರಾಮಿ ರೈಲು ಗೋಲ್ಡನ್ ಚಾರಿಯಟ್ ಇದೆ, 2008ರಿಂದ ನಿಂತು ನಿಂತು ಓಡುತ್ತಿದೆ. ಅದು ಹಳಿಯ ಮೇಲಿನ ಹೋಟೆಲು, ಅದರ ವಿಮರ್ಶೆ ಹೋಟೆಲಿನ ಅಂಕಣದಲ್ಲಿ ಬರಬೇಕು. ಹಿಂದೆ ವಿದೇಶಿಯರಿಗೆಂದೇ ಇಂಡ್‌ರೈಲ್ ಪಾಸ್ ಎಂಬುದೊಂದಿತ್ತು, ಒಮ್ಮೆ ಕೊಂಡರೆ ಇಷ್ಟು ದಿನ ದೇಶವೆಲ್ಲ ಸುತ್ತಬಹುದು ಅಂತ. ಅದನ್ನು ನಿಲ್ಲಿಸಿದ್ದಾರೆ. ನನಗೆ ಬೇಸರವಿಲ್ಲ. ಪಾಸ್ ಕೈಯಲ್ಲಿದ್ದರೂ ಬರ್ತಿಗೆ ಬೇರೆಯಾಗಿ ಕಾಯ್ದಿರಿಸಲೇಬೇಕಾದ ದೇಶದಲ್ಲಿ ಪಾಸ್ ಅನ್ನುವುದು ಬೀಗವಿಲ್ಲದ ಬೀಗದಕೈ.

ಈಚೆಗೆ ಒಂದು ಸುಧಾರಣೆ ಆಗಿದೆ, ಅದನ್ನು ಮೆಚ್ಚಲೇಬೇಕು. ಮೊದಲು ರೈಲು ಹೊರಡಲು ಸುಮಾರು ನಾಲ್ಕು ಗಂಟೆ ಇರುವಾಗ, ಯಾರಿಗೆ ಸೀಟು ಸಿಕ್ಕಿತೆಂದು ತಿಳಿಸುವ ಚಾರ್ಟ್ ಸಿದ್ಧವಾಗುತ್ತಿತ್ತು. 2025ರ ಜುಲೈನಿಂದ ಅದನ್ನು ಎಂಟು ಗಂಟೆ ಮೊದಲೇ ಮಾಡತೊಡಗಿದರು. ಊರಿನವನಿಗೆ ಇದು ದೊಡ್ಡ ವ್ಯತ್ಯಾಸವಲ್ಲ, ಸಿಗದಿದ್ದರೆ ಮನೆಗೆ ಹೋಗಿ ಮಲಗುತ್ತಾನೆ. ಹೋಟೆಲಿನ ಕೋಣೆ ಬಿಡಬೇಕೋ ಇನ್ನೊಂದು ರಾತ್ರಿಗೆ ಹೇಳಬೇಕೋ ಅಂತ ಒದ್ದಾಡುವ ಪರದೇಶಿಗೆ ಆ ನಾಲ್ಕು ಗಂಟೆ ನಾಲ್ಕು ಸಾವಿರಕ್ಕೆ ಸಮ.

ನಮ್ಮ ಹುಡುಗ ಎರಡು ವಾರ ದಿನಕ್ಕೆರಡು ಸಲ ಪಿಎನ್‌ಆರ್ ನೋಡಿದ. ಮಗಳು ಹೇಳುವಂತೆ ಆಫೀಸಿನಲ್ಲಿ ಅವನ 31ರ ಮೇಲೆ ಪಂದ್ಯ ಕಟ್ಟಿದವರೂ ಇದ್ದರಂತೆ. ಹತ್ತೊಂಬತ್ತಾಯಿತು, ಎಂಟಾಯಿತು, ಎರಡು ದಿನ ಎಂಟರಲ್ಲೇ ನಿಂತಿತು. ಹೊರಡುವ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಟ್ ಬಂತು: ಆರ್‌ಎಸಿ, ಬಿ2, 39. ಫೋನ್ ಮಾಡಿದ. ಹತ್ತಬಹುದು, ಆದರೆ ಸೈಡ್ ಲೋವರ್‌ನಲ್ಲಿ ಅರ್ಧ ಮಾತ್ರ ನಿನ್ನದು, ಇಬ್ಬರು ಕೂತುಕೊಂಡು ಹೋಗಬೇಕು ಅಂದೆ. ಕೊಟ್ಟದ್ದು ಪೂರ್ತಿ ದುಡ್ಡು ಅಂತ ಅವನು ನೆನಪಿಸಲಿಲ್ಲ. ಆ ಹೊತ್ತಿಗೆ ಪಳಗಿದ್ದ. "ಇನ್ನರ್ಧ ಯಾರದು?" ಅಂತಷ್ಟೇ ಕೇಳಿದ.

ರಾತ್ರಿ ಬಿಡಲು ನಾನೇ ಹೋಗಿದ್ದೆ. ಇನ್ನರ್ಧದ ಹಿರಿಯರು ಮೈಸೂರಿನಿಂದಲೇ ಬಂದಿದ್ದರು, ಕಾಲು ಮಡಚಿ ಕಿಟಕಿಯ ಕಡೆ ಕೂತಿದ್ದರು. ಇವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಇಷ್ಟುದ್ದದ ಆಳು ಹೇಗೆ ಹಿಡಿಸುತ್ತಾನೆ ಅಂತ ಲೆಕ್ಕ ಹಾಕಿ, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರಿಗೆ ಬಳ್ಳಾರಿಗೆ ಹೋಗಬೇಕಿತ್ತು.

ಬೆಳಿಗ್ಗೆ ಅವನ ಮೆಸೇಜು ಬಂತು: ಬಳ್ಳಾರಿಯಿಂದ ಹೊಸಪೇಟೆವರೆಗೆ ಪೂರ್ತಿ ಬರ್ತು ನನ್ನದೇ.