ಖಾಲಿ ಉಳಿದ ಬಲಗಡೆಯ ಸೀಟು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು ಮಕ್ಕಳಾಟ ಎನ್ನುವವರು ಒಮ್ಮೆ ಪಿಎಂಡಿಜಿ ಸಂಸ್ಥೆಯ ಬೋಯಿಂಗ್ 737-800ರ ಮುಂದೆ ಕೂತು ನೋಡಬೇಕು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಿಂದಲೂ ಇದೆ. ಅದರೊಂದಿಗೇ ಬರುವ ವಿಮಾನಗಳಲ್ಲಿ ತೃಪ್ತಿ ಕಾಣದವರು ಹೊರಗಿನವರು ತಯಾರಿಸಿದ ವಿಮಾನಗಳನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳುತ್ತಾರೆ. ಇವನ್ನು ಆ್ಯಡ್-ಆನ್ ಎನ್ನುತ್ತಾರೆ. ಆಟದ 2020ರ ಆವೃತ್ತಿಗೆ ಈ 737 ಬಂದದ್ದು 2022ರಲ್ಲಿ.

ನಿದ್ದೆಯಲ್ಲಿರುವ ಈ ವಿಮಾನವನ್ನು ಎಬ್ಬಿಸುವುದೇ ಒಂದು ಕೆಲಸ. ಮೊದಲು ಬ್ಯಾಟರಿ, ಆಮೇಲೆ ಬಾಲದಲ್ಲಿರುವ ಚಿಕ್ಕ ಎಂಜಿನು. ತಾನು ಎಲ್ಲಿದ್ದೇನೆಂದು ವಿಮಾನ ಅರಿತುಕೊಳ್ಳುವವರೆಗೆ ಕಾಯಬೇಕು. ಹೋಗುವ ದಾರಿ, ಇಂಧನ, ತೂಕ ಎಲ್ಲವನ್ನೂ ಒಂದೊಂದಾಗಿ ತುಂಬಬೇಕು. ಅವಸರದವನಿಗೆ ಇದು ಒಲಿಯುವುದಿಲ್ಲ. ಯಂತ್ರದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಆಟ ಅಪರೂಪ.

ಆದರೆ ಕತೆ ಬರೆಯುವ ನನಗೆ ಇಲ್ಲೊಂದು ಕೊರತೆ ಕಾಣುತ್ತದೆ. ನಿಜವಾದ 737 ಇಬ್ಬರು ನಡೆಸುವ ವಿಮಾನ. ಮನೆಯಲ್ಲಿ ಹಾರಿಸುವವನು ಸಾಮಾನ್ಯವಾಗಿ ಒಬ್ಬಂಟಿ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ.

ಇದು ಸಣ್ಣ ಕೊರತೆಯೇ? 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಗಲ್ಫಿನಿಂದ ಬರುವವರ ದಾರಿ ಕಾಯುವ ಕರಾವಳಿಗೆ ಆ ಬೆಳಗು ಮರೆಯುವಂಥದ್ದಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಯಂತ್ರ ಎಚ್ಚರಿಸಿತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನು ಕೈಬಿಡದೆ ಹೋದದ್ದೇ ನೇರ ಕಾರಣವೆಂದು ತನಿಖೆ ಹೇಳಿತು.

ಮನೆಯ ಆಟದಲ್ಲೂ ಬಜ್ಪೆಗೆ ಇಳಿಯಬಹುದು. ಎತ್ತರ ತಪ್ಪಿದರೆ ಯಂತ್ರದ ಎಚ್ಚರಿಕೆ ಅಲ್ಲೂ ಕೇಳಿಸುತ್ತದೆ. ಕೇಳಿಸದಿರುವುದು ಪಕ್ಕದವರ ಮಾತು. ಕಿರಿಯನೊಬ್ಬ 'ಬೇಡ' ಎಂದಾಗ ಹಿರಿಯನ ಅಹಂಕಾರ ತಗ್ಗಬೇಕಾದ ಆ ಗಳಿಗೆಯನ್ನು ಈ ಆಟ ಅಭ್ಯಾಸ ಮಾಡಿಸುವುದಿಲ್ಲ. ರನ್‌ವೇ ದಾಟಿದರೆ ಆಟಗಾರ ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

ಗುಂಡಿಗಳೆಲ್ಲ ನಿಜವಾದ ಮಾತ್ರಕ್ಕೆ ಚಿತ್ರ ಪೂರ್ತಿಯಾಗದು. ಈ 737ನ್ನು ಮೆಚ್ಚಿ ಹಾರಿಸೋಣ. ಹಾರಿಸುವಾಗ ಬಲಗಡೆಯ ಸೀಟಿನ ಕಡೆಗೊಮ್ಮೆ ನೋಡೋಣ. ಅಲ್ಲಿ ಯಾರಾದರೂ ಕೂತು 'ಬೇಡ' ಎಂದಿದ್ದರೆ ನಾವು ಕೇಳುತ್ತಿದ್ದೆವೇ?